ಹಳ್ಳದಾಚೆಯ ಹದಿನೆಂಟು ಮನೆ

ಕೋಳಿಯ ಮೂಳೆಯೊಂದು ಸರಿಯಾಗಿ ಚೊಕ್ಕಮ್ಮನ ಊರಿನ ಮೇಲೆ ಬಿದ್ದಿತ್ತು. ಚೀಪಿ ಚೀಪಿ ಬಿಳಿಚಿಕೊಂಡ ಮೂಳೆ. ಅದರ ಒಂದು ತುದಿ ಹಳ್ಳದ ಈ ದಂಡೆಯಲ್ಲಿದ್ದ ಅವಳ ಮನೆಯ ಮೇಲೆ, ಇನ್ನೊಂದು ತುದಿ ಆ ದಂಡೆಯಲ್ಲಿದ್ದ ಅವಳ ಅಕ್ಕನ ಮನೆಯ ಮೇಲೆ. ನಕ್ಷೆಯಲ್ಲಿ ಊರು ಎಂದರೆ ಸಾಸಿವೆ ಚೆಲ್ಲಿದ ಹಾಗೆ ಒಂದಷ್ಟು ಚುಕ್ಕೆ, ಅಷ್ಟೇ. ಅದರ ಸುತ್ತ ಎಣ್ಣೆಯ ಜಿಡ್ಡು, ಉಂಡೆ ಮಾಡಿ ಎಸೆದ ಕಾಗದದ ಕರವಸ್ತ್ರ, ಅರ್ಧ ಕಚ್ಚಿದ ಈರುಳ್ಳಿ. ಯಾರೋ ಪುಣ್ಯಾತ್ಮರು ಹಲ್ಲಿನ ಸಂದಿ ಕೆದಕಿದ ಕಡ್ಡಿಯನ್ನು ಸೇತುವೆಯ ಪಕ್ಕದಲ್ಲಿ ಇಟ್ಟು ಎದ್ದುಹೋಗಿದ್ದರು.

ಒಂಬತ್ತು ದಿನದಿಂದ ಇದೇ ಪಾಡು. ಎರಡು ದೇಶಗಳ ಸರ್ಕಾರಗಳು ನಡುವಿನ ಗಡಿಯನ್ನು ಇತ್ಯರ್ಥ ಮಾಡಲೆಂದು ಎರಡು ತಂಡ ಕಳಿಸಿದ್ದವು. ತಂಡಗಳು ಈ ಕಡೆಯ ಸರ್ಕಾರದ ಅತಿಥಿಗೃಹದಲ್ಲಿ ಬೀಡುಬಿಟ್ಟು, ಹತ್ತು ಗಂಟೆಗೆ ಮಾತಿಗೆ ಕೂತು, ಹನ್ನೊಂದಕ್ಕೆ ಚಹಾ ಕುಡಿದು, ಒಂದಕ್ಕೆ ಉಂಡು, ಎರಡಕ್ಕೆ ಮಲಗುತ್ತಿದ್ದವು. ಚೊಕ್ಕಮ್ಮ ಅಲ್ಲಿ ದಿನಗೂಲಿಯ ಮೇಲೆ ಕಸ ಗುಡಿಸುವ, ಒರೆಸುವ ಹೆಂಗಸು. ಹೆತ್ತವರಿಟ್ಟ ಹೆಸರು ಬೇರೆ ಇತ್ತು. ಹೆಗಲ ಮೇಲೆ ಸದಾ ಒಂದು ಒದ್ದೆ ಬಟ್ಟೆ ಹಾಕಿಕೊಂಡು, ಕಂಡದ್ದನ್ನೆಲ್ಲ ಚೊಕ್ಕ ಮಾಡುತ್ತಾಳೆಂದು ಊರವರು ಈ ಹೆಸರು ಕಟ್ಟಿದ್ದರು. ಹದಿನಾಲ್ಕು ವರ್ಷದಿಂದ ಅವಳು ಎಷ್ಟೋ ದೊಡ್ಡವರ ಎಂಜಲು ಎತ್ತಿದ್ದಳು. ಆದರೆ ತನ್ನ ಊರಿನ ಮೇಲಿಂದ ಎಂಜಲು ಎತ್ತುವ ಯೋಗ ಇದೇ ಮೊದಲು.

ನಕ್ಷೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದವಳು ಅವಳೇ. ಎರಡನೆಯ ದಿನ ದೊಡ್ಡವರು ಚಹಾದ ಲೋಟಗಳನ್ನು ನಕ್ಷೆಯ ಮೇಲೇ ಇಟ್ಟು, ಮೇಜಿನ ಉದ್ದಕ್ಕೂ ದುಂಡು ದುಂಡು ಕಲೆ ಮಾಡಿದ್ದರು. ಅವಳು ಊಟದ ಮೇಜಿನ ದಪ್ಪ ಪ್ಲಾಸ್ಟಿಕ್ ತಂದು ಹಾಸಿದಳು. ಎಲ್ಲರೂ ಶಹಬ್ಬಾಸ್ ಎಂದರು. ಆಮೇಲೆ ಲೋಟದ ಜೊತೆಗೆ ತಟ್ಟೆಗಳೂ ಅಲ್ಲಿಗೇ ಬರತೊಡಗಿದವು. ಒರೆಸುವವಳು ಇದ್ದಾಳಲ್ಲ!

ಆ ದಿನ ಬೆಳಿಗ್ಗೆ ಅವಳು ಚಹಾ ಕೊಡಲು ಬಂದಾಗ ಗೆರೆ ಎಳೆಯುವ ಕೆಲಸ ನಡೆದಿತ್ತು. ಎರಡು ತಂಡಗಳಿಗೂ ಒಬ್ಬೊಬ್ಬ ಮುಖ್ಯಸ್ಥರು. ಈ ಕಡೆಯವರಿಗೆ ಹೊಟ್ಟೆ ಮುಂದೆ, ಆ ಕಡೆಯವರಿಗೆ ಮೀಸೆ ಮುಂದೆ. ಇಬ್ಬರ ಕಣ್ಣೂ ಉತ್ತರದ ಸುಣ್ಣದಕಲ್ಲಿನ ಗುಡ್ಡದ ಮೇಲೆ, ಆಮೇಲೆ ಹೆದ್ದಾರಿಯ ಸೇತುವೆಯ ಮೇಲೆ.

"ಗುಡ್ಡ ನಮಗೆ ಬಿಡಿ, ಸೇತುವೆ ನಿಮಗೆ ಬಿಡ್ತೀವಿ" ಎಂದರು ಹೊಟ್ಟೆಯವರು.

"ಸೇತುವೆ ಸರಿ. ಗುಡ್ಡದಲ್ಲಿ ಅರ್ಧ."

"ಅರ್ಧ ಅಂದ್ರೆ ಅರ್ಧ. ಮಧ್ಯದಲ್ಲಿ ಇದೇನಿದು, ಚುಕ್ಕೆ ಚುಕ್ಕೆ?"

"ಯಾವುದೋ ಮನೆಗಳು. ಹಳ್ಳ ಇದೆಯಲ್ಲ, ಅದರ ಮೇಲೇ ಎಳೆದುಬಿಡ್ತೀನಿ. ಊಟಕ್ಕೇನಿದೆ ಇವತ್ತು?"

ಮೀಸೆಯವರು ಕಪ್ಪು ಮೇಣದ ಪೆನ್ಸಿಲಿನಿಂದ ಪ್ಲಾಸ್ಟಿಕ್ಕಿನ ಮೇಲೆ ಸರ್ರನೆ ಎಳೆದೇಬಿಟ್ಟರು. ಸಂಜೆ ನಾಲ್ಕಕ್ಕೆ ಅಳತೆಗಾರ ಬಂದು ಅದನ್ನು ಕಾಗದದ ನಕ್ಷೆಗೆ ಇಳಿಸುವುದು, ಐದಕ್ಕೆ ಸಹಿ ಎಂದು ಮಾತಾಯಿತು. ಎರಡು ಕೋಣ ಕಾದಾಡಿದರೆ ನಡುವಿನ ಗಿಡಕ್ಕೆ ಸಾವು ಎನ್ನುತ್ತಾರೆ. ಇಲ್ಲಿ ಕೋಣಗಳು ಕಾದಾಡಲೂ ಇಲ್ಲ. ಒಂದೇ ಮೇಜಿಗೆ ಕೂತು ಒಟ್ಟಿಗೆ ಮೇಯುತ್ತಿದ್ದವು.

ಆ "ಯಾವುದೋ ಮನೆಗಳು" ನಲವತ್ತು. ಈ ದಂಡೆಯಲ್ಲಿ ಇಪ್ಪತ್ತೆರಡು, ಆ ದಂಡೆಯಲ್ಲಿ ಹದಿನೆಂಟು, ನಡುವೆ ದಾಟಲು ಎರಡು ಮರದ ಹಲಗೆ. ಊರಿನ ಸಿಹಿನೀರಿನ ಬಾವಿ ಒಂದೇ, ಅದು ಆ ದಂಡೆಯಲ್ಲಿ. ಚೊಕ್ಕಮ್ಮನ ಅಕ್ಕ ಹಳ್ಳ ದಾಟಿ ಮದುವೆಯಾಗಿ ಹೋಗಿ, ಈಗ ವಿಧವೆಯಾಗಿ, ಮಗಳನ್ನು ಆ ಕಡೆಯ ಪಟ್ಟಣದಲ್ಲಿ ದಾದಿಯ ಓದಿಗೆ ಸೇರಿಸಿದ್ದಳು. ಆ ಕಡೆಯ ನಿವಾಸಿಗಳಿಗೆಂದೇ ಮೀಸಲಾದ ಬಿಟ್ಟಿ ಸೀಟು. ಇನ್ನೊಂದು ವರ್ಷ ಬಾಕಿ ಇತ್ತು. ಚೊಕ್ಕಮ್ಮನ ಕೂಲಿ ಮಾತ್ರ ಈ ಕಡೆಯದು. ಅಕ್ಕತಂಗಿಯರ ನಡುವೆ ಹಿಂದಿನಿಂದ ಒಂದು ಪದ್ಧತಿ: ಬಾವಿಗೆ ಮೊದಲು ಬಂದವಳು ಇಬ್ಬರ ಕೊಡವನ್ನೂ ತುಂಬಿಸುವುದು. ಚೊಕ್ಕಮ್ಮ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಖಾಲಿ ಕೊಡವನ್ನು ಬಾವಿಕಟ್ಟೆಯ ಮೇಲಿಟ್ಟು ಹೋದರೆ, ಸಂಜೆ ಅದು ತುಂಬಿರುತ್ತಿತ್ತು. ಅವರು ಜಗಳವಾಡಿದ ದಿನವೂ ತುಂಬಿರುತ್ತಿತ್ತು.

ಎಂಟು ತಿಂಗಳ ಹಿಂದೆ ಊರವರು ಸೇರಿ ಒಂದು ಅರ್ಜಿ ಬರೆದಿದ್ದರು. ಯಾವ ಕಡೆಗೆ ಸೇರಿಸಬೇಕೆಂದು ಬರೆಯಲು ಹೋಗಿ ಮೂರು ದಿನ ಕೂಗಾಡಿದರು. ಒಬ್ಬನಿಗೆ ಈ ಕಡೆಯ ಆಸ್ಪತ್ರೆ ಬೇಕು, ಇನ್ನೊಬ್ಬನಿಗೆ ಆ ಕಡೆಯ ಸಂತೆ. ಮಾವ ಒಂದು ಕಡೆ, ಅಳಿಯ ಇನ್ನೊಂದು ಕಡೆ. ಕೊನೆಗೆ ಎಲ್ಲರೂ ಒಪ್ಪಿದ್ದು ಒಂದೇ ಸಾಲು: "ಗೆರೆ ಎಳೆಯುವ ಮೊದಲು ನಮ್ಮನ್ನು ಒಂದು ಸಲ ಕೇಳಿ." ಅದರ ಕೆಳಗೆ ನಲವತ್ತು ಮನೆಯವರ ಹೆಬ್ಬೆಟ್ಟು, ಸಹಿ. ಈ ಒಂಬತ್ತು ದಿನಗಳಲ್ಲಿ ಆ ಅರ್ಜಿಯನ್ನು ಚೊಕ್ಕಮ್ಮ ಒಂದು ಸಲ ಕಂಡಿದ್ದಳು. ಹೊಟ್ಟೆಯವರು ಅದರ ಮೇಲೆ ತಣ್ಣೀರಿನ ಲೋಟ ಇಟ್ಟುಕೊಂಡಿದ್ದರು. ಸಭೆ ಮುಗಿದ ಮೇಲೆ ಅವಳು ಅದನ್ನು ಕಿಟಕಿಯ ಬಿಸಿಲಿಗೆ ಒಣಗಿಸಿ, ಮಡಚದೆ ಕಡತದೊಳಗೆ ಇಟ್ಟಿದ್ದಳು. ಅಕ್ಕನ ಹೆಬ್ಬೆಟ್ಟು ನೀರಿಗೆ ಕಲಸಿಹೋಗಿತ್ತು.

ಈಗ ಅವಳು ಮೂಳೆ ಆರಿಸಿ ತಟ್ಟೆಗೆ ಹಾಕಿದಳು. ಹಲ್ಲುಕಡ್ಡಿಯನ್ನು ಮುಟ್ಟಲು ಅಸಹ್ಯವಾಗಿ ಕಾಗದದಿಂದ ಹಿಡಿದು ಎತ್ತಿದಳು. ಎಂಜಲು ಅವಳಿಗೆ ಹೊಸದಲ್ಲ, ಹೊಟ್ಟೆಪಾಡಿಗೆ ಹೇಸಿಗೆಯೇ? ಆದರೆ ಮನುಷ್ಯರು ಬದುಕಿರುವ ಜಾಗದ ಮೇಲೆ ತಟ್ಟೆ ಇಟ್ಟುಕೊಂಡು, ಚೀಪಿ, ಉಗಿದು, ತೇಗಿ ಎದ್ದುಹೋಗುವ ಈ ಜಾತಿಯನ್ನು ಕಂಡರೆ ಅವಳಿಗೆ ಮೈಯೆಲ್ಲ ಹುಳು ಹರಿದಂತಾಗುತ್ತಿತ್ತು. ಆ ಸಿಟ್ಟಿಗೆ ಕೈ ಜೋರಾಯಿತು. ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ, ಮೇಜಿನ ಈ ಅಂಚಿನಿಂದ ಆ ಅಂಚಿನವರೆಗೆ ತಿಕ್ಕಿ ತಿಕ್ಕಿ ಒರೆಸಿದಳು. ಜಿಡ್ಡು ಹೋಯಿತು. ಪ್ಲಾಸ್ಟಿಕ್ಕು ಕನ್ನಡಿಯಂತಾಯಿತು.

ಬಟ್ಟೆ ಹಿಂಡಲು ಹೋದಾಗ ನೀರು ಕಪ್ಪಗೆ ಇಳಿಯಿತು. ತಿರುಗಿ ನೋಡಿದರೆ ಎರಡು ದೇಶದ ನಡುವಿನ ಗೆರೆ ಮಾಯ.

ಓಡಿಹೋಗಿಬಿಡಲೇ ಎಂದುಕೊಳ್ಳುವಷ್ಟರಲ್ಲಿ ಬಾಗಿಲು ತೆರೆಯಿತು. ಬಂದವರು ಎರಡೂ ತಂಡದ ಕಿರಿಯ ಅಧಿಕಾರಿಗಳು. ಈ ಕಡೆಯವನು ಸಣಕಲ, ಆ ಕಡೆಯವನು ಬೋಳುತಲೆಯವನು. ಅಳತೆಗಾರ ಬರುವ ಮುಂಚೆ ಎಲ್ಲ ಅಣಿ ಮಾಡುವುದು ಅವರ ಪಾಲಿನ ಕೆಲಸ. ಸಣಕಲ ಮೇಜು ನೋಡಿದ, ಅವಳ ಕೈಯ ಬಟ್ಟೆ ನೋಡಿದ, ಮತ್ತೆ ಮೇಜು ನೋಡಿದ. ಇಂಗು ತಿಂದ ಮಂಗನ ಹಾಗಾಯಿತು ಅವನ ಮುಖ.

"ಅಯ್ಯೋ, ಏನಮ್ಮಾ ಮಾಡ್ಬಿಟ್ಟೆ!"

"ಎಣ್ಣೆ ಚೆಲ್ಲಿತ್ತು ಸಾರ್. ಒರೆಸಿದೆ. ದಿನಾ ಒರೆಸ್ತೀನಲ್ಲ."

"ದಿನಾ ಒರೆಸೋದು ಬೇರೆ, ಗಡಿ ಒರೆಸೋದು ಬೇರೆ ಕಣಮ್ಮಾ!"

ಬೋಳುತಲೆಯವನು ಓಡಿಹೋಗಿ ಬಾಗಿಲ ಚಿಲಕ ಹಾಕಿದ. "ಮೊದಲು ಬಾಯಿ ಮುಚ್ಚಿ. ಯಾರಾದ್ರೂ ಫೋಟೋ ತೆಗೆದಿದ್ದಾರಾ?"

"ಫೋನೆಲ್ಲ ಅತಿಥಿಗೃಹದ ಉಸ್ತುವಾರಿಯವರ ಪೆಟ್ಟಿಗೇಲಿ ಬೀಗ ಹಾಕಿದೆಯಲ್ಲ. ನಿಮ್ಮವರೇ ಮಾಡಿದ ನಿಯಮ."

"ನಮ್ಮವರಲ್ಲ, ನಿಮ್ಮವರು."

"ಈಗ ಅದಕ್ಕೂ ಜಗಳವಾ? ಗೆರೆ ಎಲ್ಲಿತ್ತು ಹೇಳಿ."

ಗುಡ್ಡದ ಅರ್ಧ ಇಬ್ಬರಿಗೂ ಬಾಯಿಪಾಠ ಬರುತ್ತಿತ್ತು. ಸೇತುವೆಯೂ. ನಡುವಿನದು ಮಾತ್ರ ಇಬ್ಬರಿಗೂ ಗೊತ್ತಿಲ್ಲ. ಸಣಕಲ ಒಂದು ಕಡೆ ಬೆರಳಿಟ್ಟರೆ ಬೋಳುತಲೆಯವನು ಇನ್ನೊಂದು ಕಡೆ ಇಟ್ಟ. ಒಂಬತ್ತು ದಿನ ಅದೇ ಮೇಜಿಗೆ ಮೊಣಕೈ ಊರಿದ್ದವರು!

"ದೊಡ್ಡವರನ್ನ ಎಬ್ಬಿಸಿ ಕೇಳೋಣ್ವಾ?"

"ನಿದ್ದೆಯಿಂದ ಎಬ್ಬಿಸಿ, ಸ್ವಾಮಿ ನಿಮ್ಮ ಗಡಿಯನ್ನ ಕೆಲಸದವಳು ಒರೆಸಿಬಿಟ್ಳು ಅಂತ ಹೇಳ್ತೀರಾ? ನೀವೇ ಹೇಳಿ. ನನಗೆ ಹೆಂಡ್ತಿ ಮಕ್ಕಳಿದ್ದಾರೆ."

ಇಬ್ಬರೂ ಕೈಕೈ ಹಿಸುಕಿಕೊಂಡರು. ಆಮೇಲೆ, ಬೇರೆ ಗತಿ ಕಾಣದೆ, ಇಬ್ಬರ ಕಣ್ಣೂ ಒಟ್ಟಿಗೆ ಚೊಕ್ಕಮ್ಮನ ಮೇಲೆ ಬಿದ್ದವು.

"ಏನಮ್ಮಾ" ಎಂದ ಸಣಕಲ, ದನಿಗೆ ಬೆಲ್ಲ ಸವರಿಕೊಂಡು, "ನೀನು ಒರೆಸೋವಾಗ ನೋಡಿರ್ತೀಯಲ್ಲ. ಎಲ್ಲಿತ್ತು?"

ಅವಳಿಗೆ ಗೊತ್ತಿಲ್ಲದೆ ಏನು? ಹಳ್ಳದ ನಟ್ಟನಡುವೆ ಇತ್ತು. ತನ್ನ ಒಲೆ ಈ ಕಡೆ, ಕುಡಿಯುವ ನೀರು ಆ ಕಡೆ. ಬೆಳಿಗ್ಗೆ ಚಹಾದ ತಟ್ಟೆ ಹಿಡಿದು ನಿಂತು ಅವಳೇ ಕಣ್ಣಾರೆ ನೋಡಿದ್ದಳು.

"ನಮ್ಮ ಊರವರನ್ನೇ ಕೇಳಿ ಸಾರ್" ಎಂದಳು. "ಅರ್ಧ ಗಂಟೆ ದಾರಿ. ನಾನೇ ಕರ್ಕೊಂಡು ಹೋಗ್ತೀನಿ. ಅರ್ಜೀನೂ ಕೊಟ್ಟಿದ್ದಾರೆ, ಆ ನೀಲಿ ಕಡತದಲ್ಲಿದೆ."

ಇಬ್ಬರೂ ಅವಳನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು. "ನಾಲ್ಕಕ್ಕೆ ಅಳತೆಗಾರ ಬರ್ತಾನಮ್ಮಾ" ಎಂದ ಬೋಳುತಲೆಯವನು. "ಊರನ್ನೆಲ್ಲ ಕೇಳ್ತಾ ಕೂತ್ರೆ ಗಡಿ ಆಗುತ್ತಾ? ತಗೋ, ನೀನೇ ತೋರಿಸು" ಎಂದು ಮೇಣದ ಪೆನ್ಸಿಲನ್ನು ಅವಳ ಕೈಗೆ ತುರುಕಿದ.

ಪೆನ್ಸಿಲು ಬೆರಳಷ್ಟು ದಪ್ಪ, ಜಿಡ್ಡುಜಿಡ್ಡು. ನಿಜ ಹೇಳಬೇಕೆಂದರೆ, ಅದು ಕೈಯಲ್ಲಿ ಹಿತವಾಗಿಯೇ ಕೂತಿತು.

ಇದ್ದ ಜಾಗದಲ್ಲೇ ಎಳೆದರೆ ಊರು ಎರಡಾಗುತ್ತದೆ, ಹಲಗೆಗಳ ಮೇಲೆ ಕಾವಲು ಬಂದು ನಿಲ್ಲುತ್ತದೆ. ಅದು ಅವಳಿಂದ ಆಗದು. ಹಾಗಾದರೆ ನಲವತ್ತೂ ಮನೆ ಒಂದೇ ಕಡೆ. ಯಾವ ಕಡೆ? ಗೆರೆಯನ್ನು ಈಚೆಗೆ, ತನ್ನ ಮನೆಯ ಹಿತ್ತಲಿನ ಹಿಂದಕ್ಕೆ ಎಳೆದರೆ ತಾನು ಆ ಕಡೆಯವಳಾಗುತ್ತಾಳೆ. ಅತಿಥಿಗೃಹದ ಕೆಲಸ ಅವತ್ತಿಗೇ ಮುಗಿಯಿತು. ಕೆಲಸ ಕಾಯಂ ಮಾಡಿಸುತ್ತೇನೆ ಎಂದು ಉಸ್ತುವಾರಿ ಕೊಟ್ಟಿದ್ದ ಮಾತೂ ಮುಗಿಯಿತು. ಆಚೆಗೆ, ಅಕ್ಕನ ಮನೆಯ ಹಿಂದಿನ ದಿಬ್ಬಕ್ಕೆ ಎಳೆದರೆ ಬಾವಿ ಬರುತ್ತದೆ, ಅಕ್ಕ ಬರುತ್ತಾಳೆ. ಅಕ್ಕನ ಮಗಳ ಓದು... ಅದರ ನೆನಪು ಬಂತು. ಬರಲಿಲ್ಲವೆಂದು ಆಮೇಲೆ ಯಾರಾದರೂ ಹೇಳಿದರೆ ಅದು ಸುಳ್ಳು. ಬಂತು, ಆದರೆ ಅವಳು ಅದನ್ನು ಪಕ್ಕಕ್ಕೆ ತಳ್ಳಿದಳು. ಒಂದು ವರ್ಷ ತಾನೆ, ಏನೋ ಒಂದು ದಾರಿ ಆಗುತ್ತದೆ, ಒಟ್ಟಿಗಿದ್ದರೆ ಸಾಕಲ್ಲ ಎಂದುಕೊಂಡಳು.

ದಿಬ್ಬದ ಮೇಲೆ ಎಳೆದಳು. ನಕ್ಷೆಯಲ್ಲಿ ಬೆರಳಗಲದ ವ್ಯತ್ಯಾಸ.

"ಇಲ್ಲೇ ಇತ್ತಾ?" ಬೋಳುತಲೆಯವನು ಬಗ್ಗಿ ನೋಡಿದ. "ಹಳ್ಳ ಅಂತ ಏನೋ ಮಾತು ಬಂದ ಹಾಗಿತ್ತು."

"ಇಲ್ಲೇ ಸಾರ್. ನಾನೇ ಒರೆಸಿದ್ದಲ್ವಾ?"

"ಹಳ್ಳಕ್ಕೂ ಇದಕ್ಕೂ ನಡುವೆ ಏನಿದೆ?"

"ಹದಿನೆಂಟು ಮನೆ."

"ಬರೀ ಮನೆ ತಾನೆ? ಸುಣ್ಣದಕಲ್ಲು ಗಿಲ್ಲು ಏನೂ ಇಲ್ವಲ್ಲ?"

"ಇಲ್ಲ ಸಾರ್. ಬರೀ ಮನೆ."

"ಹಾಗಾದ್ರೆ ಬಿಡು" ಎಂದು ಅವನು ಬೆವರು ಒರೆಸಿಕೊಂಡ. ತನ್ನ ಕಡೆಗೆ ಹದಿನೆಂಟು ಮನೆ ಬಿಟ್ಟಿಯಾಗಿ ಬಂದಿರುವಾಗ ಸಣಕಲ ಏಕೆ ಬಾಯಿ ಬಿಟ್ಟಾನು? ಗುಡ್ಡ ಮತ್ತು ಸೇತುವೆಯ ಗೆರೆಗಳನ್ನು ಮಾತ್ರ ಇಬ್ಬರೂ ಸ್ಕೇಲು ಹಿಡಿದು, ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟೂ ತಪ್ಪದ ಹಾಗೆ ಎಳೆದರು.

ಐದು ಗಂಟೆಗೆ ದೊಡ್ಡವರು ಮುಖ ತೊಳೆದುಕೊಂಡು ಬಂದರು. ಚೊಕ್ಕಮ್ಮ ಚಹಾ ಹಿಡಿದು ಗೋಡೆಗೆ ಒತ್ತಿ ನಿಂತಿದ್ದಳು, ಲೋಟಗಳು ಗಲಗಲ ಎನ್ನದ ಹಾಗೆ ತಟ್ಟೆಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು. ಅಳತೆಗಾರ ಕಾಗದಕ್ಕೆ ಇಳಿಸಿದ್ದ ನಕ್ಷೆಯ ಮೇಲೆ ಹೊಟ್ಟೆಯವರು ಬಗ್ಗಿ ಗುಡ್ಡದ ಮೇಲೆ ಬೆರಳಾಡಿಸಿದರು. ಮೀಸೆಯವರು ಸೇತುವೆ ನೋಡಿದರು.

"ಬೆಳಿಗ್ಗೆ ಎಳೆದದ್ದೇ ಅಲ್ವೇನ್ರೀ?"

"ಅದೇ ಸಾರ್" ಎಂದರು ಸಣಕಲ ಮತ್ತು ಬೋಳುತಲೆ, ಎರಡು ದೇಶದವರೂ ಒಂದೇ ಕೊರಳಲ್ಲಿ.

"ಆಯ್ತು, ಪೆನ್ನು ಕೊಡಿ."

ಸಹಿ ಆಯಿತು. ಕೈಕುಲುಕಿದರು. ಹೊಟ್ಟೆಯವರು ಚೊಕ್ಕಮ್ಮನ ತಟ್ಟೆಯಿಂದ ಲೋಟ ಎತ್ತಿಕೊಳ್ಳುತ್ತ, "ಇವತ್ತು ಕೋಳಿ ಸ್ವಲ್ಪ ಉಪ್ಪಾಗಿತ್ತು ಕಣಮ್ಮಾ" ಎಂದರು. ಅವತ್ತಿನ ಶಹಬ್ಬಾಸ್ ಬಿಟ್ಟರೆ, ಒಂಬತ್ತು ದಿನದಲ್ಲಿ ಅವರು ಅವಳೊಡನೆ ಆಡಿದ ಒಂದೇ ಮಾತು ಅದು. ಅವಳಿಗೆ ಉಗಿಯಬೇಕೆನಿಸಿತು. ಆದರೆ ಒಳಗೊಳಗೇ ಹಿಗ್ಗೂ ಆಯಿತು. ನಿಮ್ಮ ಮೂಗಿನಡಿಯಲ್ಲೇ ಎಳೆದೆ ನೋಡ್ರೋ, ನಿಮ್ಮ ಎಂಜಲು ಎತ್ತುವವಳು.

ಆ ಹಿಗ್ಗಿನಲ್ಲಿ ಅವಳು ದಾರಿಯುದ್ದಕ್ಕೂ ಹೆಚ್ಚುಕಡಿಮೆ ಓಡಿದಳು. ಹಲಗೆಗಳನ್ನು ಎರಡೇ ಹೆಜ್ಜೆಗೆ ದಾಟಿದಳು. ಬಿಸಿಲು ಇನ್ನೂ ಇತ್ತು. ಅಕ್ಕ ಬಾವಿಕಟ್ಟೆಯ ಮೇಲೆ ನಿಂತು ನೀರು ಸೇದುತ್ತಿದ್ದಳು. ಅವಳ ಕೊಡ ತುಂಬಿತ್ತು. ತಂಗಿಯ ಕೊಡಕ್ಕೆ ಮೊದಲ ಬಿಂದಿಗೆ ಮೇಲೆ ಬರುತ್ತಿತ್ತು.

"ಏನೇ, ಮುಖ ಇಷ್ಟು ಅರಳಿದೆ? ಕೆಲಸ ಕಾಯಂ ಆಯ್ತಾ?"

"ಅದಕ್ಕಿಂತ ದೊಡ್ಡದು ಕಣಕ್ಕಾ!" ಎಂದು ಚೊಕ್ಕಮ್ಮ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಮೂಳೆ, ಒರೆಸಿದ್ದು, ಇಂಗು ತಿಂದ ಮಂಗಗಳ ಮುಖ, ಪೆನ್ಸಿಲು, ದಿಬ್ಬ. ಅಕ್ಕ ಮೊದಲು ನಕ್ಕಳು. ಮಂಗಗಳ ಮಾತಿಗೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ದಿಬ್ಬದ ಮಾತು ಬಂದಾಗ ನಗು ನಿಂತಿತು. ಬಿಂದಿಗೆ ಅವಳ ಕೈಯಲ್ಲೇ ಇತ್ತು.

"ದಿಬ್ಬ ಅಂದ್ರೆ, ನಮ್ಮನೆ ಹಿಂದಿನ ದಿಬ್ಬ?"

"ಹೂಂ. ನಾವೆಲ್ಲ ಒಂದೇ ಕಡೆ ಈಗ. ಬಾವೀನೂ."

"ನಾವೂ ನಿಮ್ಮ ಕಡೆಯವರು ಅಂತ ಆದ್ರೆ, ನನ್ನ ಮಗಳ ಸೀಟು?"

"ಒಂದು ವರ್ಷ ತಾನೆ ಅಕ್ಕಾ. ಏನಾದ್ರೂ ಮಾಡೋಣ."

"ಏನು ಮಾಡ್ತೀಯಾ?"

ಚೊಕ್ಕಮ್ಮ ತನ್ನ ಕೊಡವನ್ನು ಅಕ್ಕನ ಹತ್ತಿರಕ್ಕೆ ಸರಿಸಿದಳು.

"ಹಳ್ಳದ ಆಚೆಗೆ ಎಳೆದಿದ್ರೆ ಏನಾಗ್ತಿತ್ತು?" ಅಕ್ಕನ ದನಿ ಏರಲಿಲ್ಲ. "ನಿನ್ನ ಹಿತ್ತಲ ಹಿಂದೆ?"

"ನನ್ನ ಕೆಲಸ ಹೋಗ್ತಿತ್ತು."

"ಹಾಂ" ಎಂದಳು ಅಕ್ಕ. "ನಾವೆಲ್ಲ ಸೇರಿ ಅರ್ಜೀಲಿ ಏನು ಬರೆಸಿದ್ವಿ, ನೆನಪಿದೆಯಾ?"

"ಅಕ್ಕಾ, ಹೊತ್ತಿರಲಿಲ್ಲ. ನಾಲ್ಕಕ್ಕೆ ಅಳತೆಗಾರ ಬರ್ತಾನೆ ಅಂತ..."

ಬೋಳುತಲೆಯವನ ಮಾತೇ ತನ್ನ ಬಾಯಿಂದ ಬಂದದ್ದು ಚೊಕ್ಕಮ್ಮನ ಕಿವಿಗೆ ಬಿತ್ತು. ಮಧ್ಯಾಹ್ನ ಹಲ್ಲುಕಡ್ಡಿ ಎತ್ತುವಾಗ ಆಗಿದ್ದ ಅಸಹ್ಯ ಮತ್ತೆ ಬಂತು; ಈ ಸಲ ಅದು ಯಾರದೋ ಎಂಜಲಿಗೆ ಬಂದದ್ದಲ್ಲ.

"ಅರ್ಜಿ ಕೆಡಿಸಿದ ನೀರು ಅವರ ಲೋಟದ್ದಾದ್ರೂ, ಅದರ ಮೇಲಿನ ಹೆಬ್ಬೆಟ್ಟು ನಂದಾಗಿತ್ತು ಕಣೇ" ಎಂದಳು ಅಕ್ಕ. ಅರ್ಜಿ ನೆನೆದ ಕಥೆಯನ್ನು ಅವಳಿಗೆ ಹೇಳಿ ಅತ್ತವಳು ಚೊಕ್ಕಮ್ಮನೇ. "ಅವರು ಕೇಳಲಿಲ್ಲ. ಅವರು ಯಾರು, ನಾವು ಯಾರು. ನೀನು?"

ಅಕ್ಕ ಎತ್ತಿದ್ದ ಬಿಂದಿಗೆಯನ್ನು ನಿಧಾನಕ್ಕೆ ಬಗ್ಗಿಸಿ, ನೀರನ್ನು ಮತ್ತೆ ಬಾವಿಗೇ ಸುರಿದಳು. ಕೆಳಗಿನಿಂದ ದೊಡ್ಡ ಸದ್ದು ಬಂತು. ಹಗ್ಗವನ್ನು ನೀಟಾಗಿ ಸುತ್ತಿ ಕಟ್ಟೆಯ ಮೇಲಿಟ್ಟಳು. ತನ್ನ ಕೊಡವನ್ನು ಸೊಂಟಕ್ಕೇರಿಸಿಕೊಂಡು, ದಿಬ್ಬದ ಕೆಳಗಿನ ತನ್ನ ಮನೆಯ ಕಡೆ ನಡೆದಳು.

"ಅಕ್ಕಾ!"

ಅಕ್ಕ ತಿರುಗಲಿಲ್ಲ. ಕೊಡದಿಂದ ತುಳುಕಿದ ನೀರು ಅವಳ ಹಿಂದೆ ಧೂಳಿನಲ್ಲಿ ಹನಿಹನಿಯಾಗಿ ಸಾಗಿತು.

ಚೊಕ್ಕಮ್ಮನ ಕೊಡ ಖಾಲಿ ಕೂತಿತ್ತು. ಅದರ ಸುತ್ತ ಕಟ್ಟೆಯ ಕಲ್ಲಿನ ಮೇಲೆ ಒಂದಿಷ್ಟು ನೀರು ಚೆಲ್ಲಿತ್ತು. ಅವಳ ಕೈ ತಾನಾಗಿ ಹೆಗಲಿಗೆ ಹೋಗಿ ಬಟ್ಟೆ ಎಳೆದುಕೊಂಡಿತು, ಚೆಲ್ಲಿದ್ದನ್ನು ಒರೆಸತೊಡಗಿದಳು. ಬಟ್ಟೆಯಲ್ಲಿ ಉಳಿದಿದ್ದ ಮೇಣದ ಕಪ್ಪು ಕಲ್ಲಿಗೆ ಹತ್ತಿಕೊಂಡಿತು. ಮಡಿಕೆ ಬದಲಿಸಿ ಮತ್ತೆ ಒರೆಸಿದಳು. ಒರೆಸಿದಷ್ಟೂ ಹರಡಿತು.